ಮೊದಲು ಅಂಗಳ ದಾಟುವವರು ಯಾರು?



ಒಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ನಮ್ಮ ಮನೆಗಳಲ್ಲಿ ಮೊಂತಿ ಹಬ್ಬ, ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬಂದಿದೆ. ಹೊಸ ಕಾಳನ್ನು ಸುಲಿದು, ಹಾಲಿನಲ್ಲಿ ಬೆರೆಸಿ, ಪ್ರಾರ್ಥನೆಯ ನಂತರ ಹಿರಿಯಣ್ಣ ಮನೆಮಂದಿಗೆಲ್ಲ ಹಂಚುತ್ತಾನೆ. ಮುಂಬಯಿಯಲ್ಲಿರುವ ಮಗಳ ಪಾಲನ್ನು, ಕುವೈತಿನಲ್ಲಿರುವ ಮಗನ ಪಾಲನ್ನು ಕಾಗದದಲ್ಲಿ ಮಡಚಿ ತೆಗೆದಿಡುತ್ತಾರೆ. ಸಮುದ್ರದಾಚೆಗೆ ಹೋಗುವ ಆ ನಾಲ್ಕು ಕಾಳುಗಳು, ತೋಟದ ಅಗಳಿನ ಆಚೆ ಇರುವ ತಮ್ಮನ ಮನೆಗೆ ಮಾತ್ರ ಹೋಗುವುದಿಲ್ಲ.

ಜಗಳ ಹುಟ್ಟಿದ್ದು ಯಾವುದಕ್ಕೆ? ಅಡಿಕೆ ತೋಟದ ಗಡಿಯಲ್ಲಿರುವ ಒಂದು ಕಣಿಯ ನೀರಿಗೆ. ಮಾತಿಗೆ ಮಾತು ಬೆಳೆಯಿತು. ಅಂಗಳದಲ್ಲಿ ನಿಂತು ಒಬ್ಬನು ಆಡಬಾರದ ಮಾತನ್ನು ಆಡಿದ. ಇನ್ನೊಬ್ಬನು ಮರೆಯಬಾರದೆಂದು ಅದನ್ನು ಕಟ್ಟಿಟ್ಟುಕೊಂಡ. ಈಗ ಕಣಿಯಲ್ಲಿ ನೀರು ಸಾಕಷ್ಟು ಹರಿಯುತ್ತಿದೆ. ಇಬ್ಬರ ತೋಟಕ್ಕೂ ಕೊಳವೆ ಬಾವಿ ಬಂದಿದೆ. ಜಗಳದ ಕಾರಣ ಹೋಗಿದೆ, ಜಗಳ ಉಳಿದಿದೆ. ಅಣ್ಣನನ್ನು ಕೇಳಿದರೆ, "ತಪ್ಪು ಅವನದು, ಮೊದಲು ಅವನು ಬರಲಿ" ಎನ್ನುತ್ತಾನೆ. ತಮ್ಮನನ್ನು ಕೇಳಿದರೆ, "ದೊಡ್ಡವನು ಅವನು, ಮೊದಲು ಅವನು ಕರೆಯಲಿ" ಎನ್ನುತ್ತಾನೆ. ಇಬ್ಬರೂ ಆದಿತ್ಯವಾರ ಒಂದೇ ದೇವಾಲಯದಲ್ಲಿ ಒಂದೇ ಪರಮ ಪ್ರಸಾದವನ್ನು ಸ್ವೀಕರಿಸುತ್ತಾರೆ.

ಈ ಅಣ್ಣತಮ್ಮಂದಿರು ಯಾರು ಎಂದು ಹುಡುಕುವುದು ಬೇಡ. ಪುತ್ತೂರಿನಲ್ಲಿಯೂ ಸುಳ್ಯದಲ್ಲಿಯೂ ಕಡಬದಲ್ಲಿಯೂ ಇಂತಹ ಮನೆಗಳನ್ನು ನೀವು ಬಲ್ಲಿರಿ. ಇವರ ನಡುವೆ ಅಡ್ಡ ನಿಂತಿರುವುದು ನೀರಲ್ಲ, ಮಣ್ಣಲ್ಲ. ಅದರ ಹೆಸರು ಅಹಂಕಾರ. ಅದರ ಕುರಿತು, ಅದನ್ನು ಗೆಲ್ಲುವ ದೀನತೆಯ ಕುರಿತು ಇಂದು ನಾವು ಸ್ವಲ್ಪ ಚಿಂತಿಸೋಣ.

ಎಲ್ಲ ಪಾಪಗಳ ತಾಯಿಬೇರು

ಧರ್ಮಸಭೆಯು ಏಳು ಮೂಲ ಪಾಪಗಳನ್ನು ಎಣಿಸುವಾಗ ಮೊದಲು ಹೇಳುವುದು ಅಹಂಕಾರವನ್ನೇ. ಅದಕ್ಕೆ ಕಾರಣವಿದೆ. ಬೇರೆ ಪಾಪಗಳು ನಮ್ಮನ್ನು ದೇವರಿಂದ ದೂರ ಓಡಿಸಿದರೆ, ಅಹಂಕಾರವು ನಮ್ಮನ್ನು ದೇವರ ಆಸನದಲ್ಲಿಯೇ ಕೂರಿಸುತ್ತದೆ. ಆದಿ ತಂದೆತಾಯಿಗಳಿಗೆ ಸರ್ಪವು ತೋರಿಸಿದ ಆಶೆ ಹಣ್ಣಿನ ರುಚಿಯದ್ದಲ್ಲ. ದೇವರಂತೆ ಆಗುವ ಆಶೆ. ಬಾಬೆಲಿನ ಜನರು ಗೋಪುರ ಕಟ್ಟಿದ್ದು ವಾಸಕ್ಕಲ್ಲ, ಹೆಸರಿಗೆ.

ಕುಡಿತದಲ್ಲಿ ಬಿದ್ದವನಿಗೆ ತಾನು ಬಿದ್ದಿದ್ದೇನೆಂದು ಗೊತ್ತು. ಕದ್ದವನಿಗೆ ತಾನು ಕದ್ದದ್ದು ಗೊತ್ತು. ಅಹಂಕಾರಿಗೆ ಮಾತ್ರ ತನ್ನ ರೋಗ ಗೊತ್ತಿರುವುದಿಲ್ಲ. ಆದುದರಿಂದ ಪಾಪನಿವೇದನೆಯಲ್ಲಿ ಕೋಪ, ಸುಳ್ಳು, ಪೂಜೆ ತಪ್ಪಿಸಿದ್ದು ಇವನ್ನೆಲ್ಲ ಹೇಳುತ್ತೇವೆ. "ಸ್ವಾಮಿ, ನಾನು ಅಹಂಕಾರಿ" ಎಂದು ಹೇಳುವವರು ಬಹಳ ಕಡಿಮೆ.

ಲೂಕನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ನಮಗೆಲ್ಲ ಬಾಯಿಪಾಠವಿದೆ. ಇಬ್ಬರು ಪ್ರಾರ್ಥನೆಗೆ ದೇವಾಲಯಕ್ಕೆ ಹೋದರು. ಫರಿಸಾಯನು ಹೇಳಿದ್ದೆಲ್ಲ ಸತ್ಯವೇ ಆಗಿತ್ತು ಎಂಬುದನ್ನು ಗಮನಿಸಿ. ಅವನು ನಿಜವಾಗಿಯೂ ವಾರಕ್ಕೆರಡು ಬಾರಿ ಉಪವಾಸ ಮಾಡುತ್ತಿದ್ದ, ದಶಾಂಶ ಕೊಡುತ್ತಿದ್ದ. ಅವನ ತಪ್ಪು ಎಲ್ಲಿ? ಅವನು ದೇವರ ಕಡೆ ನೋಡಲಿಲ್ಲ, ಹಿಂದೆ ನಿಂತಿದ್ದ ಸುಂಕದವನ ಕಡೆ ನೋಡಿದ. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ದೀನತೆ ಮತ್ತು ಅಹಂಕಾರದ ಮೆಟ್ಟಿಲುಗಳ ಕುರಿತು ಒಂದು ಪುಸ್ತಕ ಬರೆದರು. ಅದರಲ್ಲಿ ಅಹಂಕಾರದ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದಾಗಿ ಅವರು ತೋರಿಸಿದ್ದು ಕುತೂಹಲವನ್ನು. ತನ್ನನ್ನು ನೋಡಿಕೊಳ್ಳುವುದನ್ನು ಬಿಟ್ಟು ಇತರರ ಮೇಲೆ ಅಲೆಯುವ ಕಣ್ಣನ್ನು. ನಮ್ಮ ಪತನವೂ ಅಲ್ಲಿಯೇ ಆರಂಭವಾಗುತ್ತದೆ: ಅವನ ಮನೆ ಎಷ್ಟು ದೊಡ್ಡದು, ಅವಳ ಮಗಳ ಮದುವೆಗೆ ಎಷ್ಟು ಜನ, ಇವರ ಮಗನಿಗೆ ಎಷ್ಟು ಅಂಕ.

ನಮ್ಮಲ್ಲಿ ಅಹಂಕಾರ ಹಾಕುವ ವೇಷಗಳು

ಅಹಂಕಾರವು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಅದು ಒಳ್ಳೆಯ ಹೆಸರುಗಳನ್ನು ಹಾಕಿಕೊಂಡು ಬರುತ್ತದೆ.

ಮನೆಯೊಳಗೆ ಅದರ ಹೆಸರು "ಯಜಮಾನಿಕೆ". ಗಂಡ ತಪ್ಪು ಮಾಡಿದ್ದಾನೆ, ಅವನಿಗೂ ಗೊತ್ತು, ಹೆಂಡತಿಗೂ ಗೊತ್ತು. ಆದರೆ "ನನ್ನದು ತಪ್ಪಾಯಿತು" ಎಂಬ ಎರಡು ಶಬ್ದ ಬಾಯಿಗೆ ಬರುವುದಿಲ್ಲ. ಮಕ್ಕಳ ಮುಂದೆ ತಲೆ ತಗ್ಗಿಸಬಾರದು ಎಂಬ ಭಯ. ನಿಜವಾಗಿ ಮಕ್ಕಳು ಕ್ಷಮೆ ಕೇಳಲು ಕಲಿಯುವುದು ಧರ್ಮೋಪದೇಶದ ತರಗತಿಯಲ್ಲಿ ಅಲ್ಲ, ಕ್ಷಮೆ ಕೇಳುವ ತಂದೆಯನ್ನು ನೋಡಿ.

ಮದುವೆಯಲ್ಲಿ ಅದರ ಹೆಸರು "ಮರ್ಯಾದೆ". ರೋಸಿನ ದಿನ ಎಷ್ಟು ಜನ, ಮದುವೆಯ ದಿನ ಯಾವ ಸಭಾಂಗಣ, ಎಷ್ಟು ಬಗೆಯ ಅಡುಗೆ. ಸಾಲ ಮಾಡಿ ಉಳಿಸಿಕೊಂಡ ಮರ್ಯಾದೆಯನ್ನು ತೀರಿಸಲು ಹತ್ತು ವರ್ಷ ಬೇಕು. ನೆಂಟರು ಮರೆಯಲು ಹತ್ತು ದಿನ ಸಾಕು. ಸಂಬಂಧ ನೋಡುವಾಗಲಂತೂ ಇನ್ನೊಂದು ಹಳೆಯ ಅಹಂಕಾರ ಮೆಲ್ಲನೆ ತಲೆಯೆತ್ತುತ್ತದೆ. ದೀಕ್ಷಾಸ್ನಾನ ಪಡೆದು ಎಷ್ಟೋ ತಲೆಮಾರು ಕಳೆದಿದ್ದರೂ, "ಅವರು ಯಾವ ಜಾತಿಯಿಂದ ಬಂದವರು?" ಎಂಬ ಪ್ರಶ್ನೆಯನ್ನು ನಾವು ಇನ್ನೂ ಪಿಸುಮಾತಿನಲ್ಲಿ ಕೇಳುತ್ತೇವೆ. ಪಿಸುಗುಟ್ಟಿದರೆ ಪಾಪ ಸಣ್ಣದಾಗುವುದಿಲ್ಲ.

ಇಗರ್ಜಿಯಲ್ಲಿ ಅದರ ಹೆಸರು "ಸೇವೆ". ವಾಳೆಯ ಗುರಿಕಾರರಾಗಿ, ಪಾಲನಾ ಪರಿಷತ್ತಿನ ಸದಸ್ಯರಾಗಿ, ಗಾಯನ ಮಂಡಳಿಯ ಮುಖ್ಯಸ್ಥರಾಗಿ ದುಡಿಯುವವರು ಧರ್ಮಕೇಂದ್ರದ ಬೆನ್ನೆಲುಬು; ಅವರಿಗೆ ನಮ್ಮ ಕೃತಜ್ಞತೆ ಸಲ್ಲಬೇಕು. ಆದರೆ ಅವಧಿ ಮುಗಿದು ಬೇರೆಯವರು ಆರಿಸಿ ಬಂದಾಗ, ಮೊನ್ನೆಯವರೆಗೆ ಎಲ್ಲದಕ್ಕೂ ಮುಂದೆ ಇದ್ದವರು ಇಂದು ಕೊನೆಯ ಬೆಂಚಿನಿಂದ ಟೀಕೆ ಮಾಡುತ್ತಾರೆಂದರೆ, ಅವರು ಸೇವಿಸಿದ್ದು ದೇವರನ್ನೋ ಕುರ್ಚಿಯನ್ನೋ? ವಾರ್ಷಿಕ ಹಬ್ಬದ ಬೆಳ್ಳಿಹಬ್ಬದ ಸಮಾರಂಭದಲ್ಲಿ ವೇದಿಕೆಯ ಮೇಲೆ ಹೆಸರು ಕರೆಯಲು ಮರೆತರೆಂದು ವರ್ಷಗಟ್ಟಲೆ ಮುನಿಸಿಕೊಂಡವರಿದ್ದಾರೆ. ಯಾಕೋಬ ಮತ್ತು ಯೊವಾನ್ನರೂ ಎಡಬಲದ ಆಸನ ಕೇಳಿದವರೇ (ಮಾರ್ಕ 10). ಉಳಿದ ಹತ್ತು ಮಂದಿಗೆ ಸಿಟ್ಟು ಬಂದದ್ದೂ ದೀನತೆಯಿಂದಲ್ಲ. ಆ ಆಸನದ ಮೇಲೆ ಅವರ ಕಣ್ಣೂ ಇತ್ತು.

ಕೊನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು ಭಕ್ತಿಯ ಅಹಂಕಾರ. "ನಮ್ಮ ಮನೆಯಲ್ಲಿ ಒಂದು ದಿನವೂ ಜಪಸರ ತಪ್ಪಿಲ್ಲ" ಎಂದು ಹೇಳುವಾಗ ನಮ್ಮ ಧ್ವನಿ ಪಕ್ಕದ ಮನೆಗೆ ಕೇಳುವಷ್ಟು ಏರಿದರೆ ಎಚ್ಚರ ವಹಿಸೋಣ.

ಮರೆವು ರೋಗ, ನೆನಪು ಮದ್ದು

ಹಾಗಾದರೆ ಇದಕ್ಕೆ ಮದ್ದು ಏನು? ಮೊದಲನೆಯ ಮದ್ದು ನೆನಪು. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯವನ್ನು ಓದಿ ನೋಡಿ. ಇಸ್ರಾಯೇಲರು ಇನ್ನೇನು ಒಳ್ಳೆಯ ನಾಡನ್ನು ಸೇರಲಿದ್ದಾರೆ. ಆಗ ಮೋಶೆ ಅವರನ್ನು ಎಚ್ಚರಿಸುತ್ತಾನೆ: ಹೊಟ್ಟೆ ತುಂಬಿದಾಗ, ಒಳ್ಳೆಯ ಮನೆ ಕಟ್ಟಿಕೊಂಡಾಗ, ದನಕರು ಹೆಚ್ಚಿದಾಗ, ಇದೆಲ್ಲ ನನ್ನ ಕೈಯ ಬಲದಿಂದ ಆಯಿತೆಂದು ಮನಸ್ಸಿನಲ್ಲಿ ಉಬ್ಬಬೇಡಿ; ದಾಸತ್ವದಿಂದ ಬಿಡಿಸಿದ ದೇವರನ್ನು ನೆನೆಯಿರಿ. ಅಹಂಕಾರವೆಂದರೆ ಒಂದು ಬಗೆಯ ಮರೆವು.

ನಮ್ಮ ಊರಿನವರಿಗೆ ನೆನಪು ಮಾಡಿಕೊಳ್ಳಲು ಎಷ್ಟೊಂದಿದೆ! 1784ರ ಬೂದಿ ಬುಧವಾರದಿಂದ ಕೆನರಾದ ಕಥೋಲಿಕರು ಟಿಪ್ಪುವಿನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರಲ್ಲಿ ಬಿಡುಗಡೆಯಾಗಿ ಬದುಕುಳಿದು ಮರಳಿದವರ ಕೈಯಲ್ಲಿ ಮನೆ, ಗದ್ದೆ, ಇಗರ್ಜಿ ಯಾವುದೂ ಉಳಿದಿರಲಿಲ್ಲ. ಪುತ್ತೂರಿನ ಮಾಯ್ ದೆ ದೇವುಸ್ ದೇವಾಲಯ 1830ರಲ್ಲಿ ಸ್ಥಾಪನೆಯಾಯಿತೆಂದರೆ, ಸೆರೆಯ ದಿನಗಳನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲದಲ್ಲಿ ಅದು ಎದ್ದು ನಿಂತಿತು. ಅದರ ಹೆಸರು ಹೇಳುವಂತೆ ದೇವರ ತಾಯಿಯ ಮಡಿಲಿಗೆ ಬಂದವರು ಬರಿಗೈಯವರು.

ಹತ್ತಿರದ ಕಾಲಕ್ಕೆ ಬನ್ನಿ. ನಮ್ಮಲ್ಲಿ ಅನೇಕರ ಅಜ್ಜಂದಿರು ಧಣಿಗಳ ಚಾಲಗೇಣಿ ಒಕ್ಕಲುಗಳಾಗಿದ್ದರು. ಗೇಣಿ ಅಕ್ಕಿ ಅಳೆದು ಕೊಟ್ಟ ಮೇಲೆ ಉಳಿದುದರಲ್ಲಿ ಮನೆ ನಡೆಯಬೇಕಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾನೂನಿನಿಂದಾಗಿ, ಡಿಕ್ಲರೇಶನ್ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಂತು, ಅವರು ತಾವು ದುಡಿದ ಮಣ್ಣಿಗೆ ಒಡೆಯರಾದರು. ಆ ಮಣ್ಣಿನಲ್ಲಿ ಇಂದು ಅಡಿಕೆ ಇದೆ, ರಬ್ಬರ್ ಇದೆ, ಕಾಳುಮೆಣಸು ಇದೆ. ಅಜ್ಜ ಧಣಿಯ ಅಂಗಳದ ಹೊರಗೆ ನಿಂತು ಮಾತನಾಡಿದ ನೋವು ನಮ್ಮ ಮನೆಯ ಕಥೆಯಾಗಿರುವಾಗ, ನಮ್ಮ ತೋಟಕ್ಕೆ ಕೆಲಸಕ್ಕೆ ಬಂದವನಿಗೆ ನಾವು ಎಲ್ಲಿ ಕೂರಿಸಿ, ಯಾವ ಲೋಟದಲ್ಲಿ ಚಹಾ ಕೊಡುತ್ತಿದ್ದೇವೆ?

ತಿರುವಾಂಕೂರಿನ ಕಡೆಯಿಂದ ವಲಸೆ ಬಂದು ಕಡಬ, ನೆಲ್ಯಾಡಿ, ಸುಳ್ಯದ ಗುಡ್ಡಗಳಲ್ಲಿ ನೆಲೆಸಿದ ಕುಟುಂಬಗಳಿಗೂ ಇಂತಹದೇ ನೆನಪುಗಳಿವೆ. ಚಳಿಜ್ವರ, ಕಾಡುಪ್ರಾಣಿ, ಮರಗೆಣಸಿನ ಊಟ, ಗುರುಗಳಿಲ್ಲದ ಆದಿತ್ಯವಾರಗಳು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯಲು ತೊಡಗಿದ ತಮಿಳು ಕುಟುಂಬಗಳನ್ನು ನಾವೆಲ್ಲ ನೋಡಿದ್ದೇವೆ. ಅವರಲ್ಲಿಯೂ ನಮ್ಮ ವಿಶ್ವಾಸದ ಸಹೋದರ ಸಹೋದರಿಯರಿದ್ದಾರೆ. ಪೂಜೆಯ ನಂತರ ಇಗರ್ಜಿಯ ಅಂಗಳದಲ್ಲಿ ಅವರೊಂದಿಗೆ ನಿಂತು ಮಾತನಾಡುವವರು ಎಷ್ಟು ಜನ?

ನೆನಪಿನ ಪಾಠವನ್ನು ತೋಟವೂ ಕಲಿಸುತ್ತದೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತು, ಸುಣ್ಣ ಬೆರೆಸಿ ಅಡಿಕೆಗೆ ಮದ್ದು ಬಿಡುತ್ತೇವೆ. ಮಳೆ ಬಿಡದೆ ಹೊಯ್ದರೆ ಕೊಳೆರೋಗ ಬಂದೇ ಬರುತ್ತದೆ. ಸುಳ್ಯದ ಸಂಪಾಜೆ, ಅರಂತೋಡು ಕಡೆಯಲ್ಲಿ ಹಳದಿ ಎಲೆ ರೋಗ ಹಬ್ಬಿ, ಒಂದು ಕಾಲದಲ್ಲಿ ಕಣ್ಣು ತುಂಬುವಂತಿದ್ದ ತೋಟಗಳು ಬರಿದಾದುದನ್ನು ನೋಡಿದವರಿಗೆ "ನನ್ನ ತೋಟ, ನನ್ನ ಬಲ" ಎಂಬ ಮಾತು ಗಂಟಲಲ್ಲಿಯೇ ನಿಲ್ಲುತ್ತದೆ. ರೋಗವು ದೇವರ ಶಿಕ್ಷೆಯೆಂದು ನಾನು ಹೇಳುತ್ತಿಲ್ಲ. ಅಂತಹ ಮಾತು ನೊಂದವರ ಮೇಲೆ ಬರೆ ಎಳೆದಂತೆ. ಆದರೆ ಮರ ಹತ್ತುವವನಿಲ್ಲದೆ, ಮಳೆಬಿಸಿಲು ಹದವಾಗಿಲ್ಲದೆ ನಾವು ಏನೂ ಅಲ್ಲ ಎಂಬ ಸತ್ಯವನ್ನು ತೋಟದ ಯಜಮಾನನಿಗಿಂತ ಚೆನ್ನಾಗಿ ಬಲ್ಲವರು ಯಾರು? ಲತೀನ್ ಭಾಷೆಯಲ್ಲಿ ದೀನತೆಗೆ ಇರುವ ಶಬ್ದವು ಮಣ್ಣು ಎಂಬ ಶಬ್ದದೊಡನೆ ಒಂದೇ ಬೇರಿನಿಂದ ಬಂದಿದೆ. ಮಣ್ಣು ಎಲ್ಲರ ಕಾಲ ಕೆಳಗಿದೆ. ಎಲ್ಲರಿಗೂ ಅನ್ನ ಕೊಡುವುದೂ ಅದೇ.

ಮೂರು ಸಂಪ್ರದಾಯ, ಒಂದೇ ಮೇಜು

ನಮ್ಮ ಪ್ರದೇಶಕ್ಕೆ ದೇವರು ಕೊಟ್ಟ ಒಂದು ವಿಶೇಷ ವರವಿದೆ. ಕಥೋಲಿಕ ಧರ್ಮಸಭೆಯ ಮೂರು ಸಂಪ್ರದಾಯಗಳು ಇಲ್ಲಿ ನೆರೆಹೊರೆಯಾಗಿ ಬಾಳುತ್ತಿವೆ. ಮಂಗಳೂರು ಧರ್ಮಪ್ರಾಂತ್ಯದ ಲತೀನ್ ಸಂಪ್ರದಾಯದವರು, 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿ ಧರ್ಮಪ್ರಾಂತ್ಯದ ಸಿರೋ ಮಲಬಾರ್ ಸಂಪ್ರದಾಯದವರು, 2010ರಲ್ಲಿ ಸ್ಥಾಪನೆಯಾದ ಪುತ್ತೂರು ಧರ್ಮಪ್ರಾಂತ್ಯದ ಸಿರೋ ಮಲಂಕರ ಸಂಪ್ರದಾಯದವರು. ಒಂದೇ ಪೇಟೆಯಲ್ಲಿ ಕೊಂಕಣಿಯಲ್ಲಿಯೂ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಅದೇ ಪ್ರಭುವಿನ ಬಲಿ ಅರ್ಪಣೆಯಾಗುತ್ತದೆ.

ವರವನ್ನೇ ಅಹಂಕಾರವು ಗೋಡೆಯನ್ನಾಗಿ ಮಾಡಬಲ್ಲದು. "ನಾವು ಇಲ್ಲಿಯ ಮೂಲದವರು, ಅವರು ಘಟ್ಟ, ನದಿ ದಾಟಿ ಬಂದವರು" ಎಂದು ಒಬ್ಬರು. "ನಮ್ಮದು ಸಂತ ತೋಮಸರ ಕಾಲದ ವಿಶ್ವಾಸ, ಇವರದು ನಿನ್ನೆ ಮೊನ್ನೆಯದು" ಎಂದು ಇನ್ನೊಬ್ಬರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಪೌರಸ್ತ್ಯ ಧರ್ಮಸಭೆಗಳ ಕುರಿತು ಹೊರಡಿಸಿದ ಆಜ್ಞೆಯಲ್ಲಿ, ಈ ಎಲ್ಲ ಸಂಪ್ರದಾಯಗಳ ಧರ್ಮಸಭೆಗಳು ಸಮಾನ ಗೌರವವುಳ್ಳವು, ಸಂಪ್ರದಾಯದ ಕಾರಣದಿಂದ ಯಾವುದೂ ಮತ್ತೊಂದಕ್ಕಿಂತ ಮೇಲಲ್ಲ ಎಂದು ಸ್ಪಷ್ಟವಾಗಿ ಬೋಧಿಸಿದೆ. ನಮ್ಮ ಸಂಪ್ರದಾಯವನ್ನು ಪ್ರೀತಿಸುವುದು ಕೃತಜ್ಞತೆ. ಅದರಿಂದ ನೆರೆಯವನನ್ನು ಅಳೆಯುವುದು ಅಹಂಕಾರ. ನೆರೆಯ ಸಂಪ್ರದಾಯದ ದೇವಾಲಯದ ಹಬ್ಬಕ್ಕೆ ಹೋಗಿ, ಭಾಷೆ ಪೂರ್ತಿ ತಿಳಿಯದಿದ್ದರೂ ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿ ನೋಡಿ. ತಿಳಿಯದವನಾಗಿ ಕೂರುವುದೂ ದೀನತೆಯ ಒಂದು ಅಭ್ಯಾಸವೇ.

ಮಂಗಳೂರಿನಲ್ಲಿ ಬಾಳಿದ ದೀನ ಸಂತೆ

ಪೌರಸ್ತ್ಯ ಮತ್ತು ಲತೀನ್ ಸಂಪ್ರದಾಯಗಳೆರಡನ್ನೂ ತನ್ನ ಬಾಳಿನಲ್ಲಿ ಕೂಡಿಸಿಕೊಂಡ, ದೀನತೆಗೆ ಹೆಸರಾದ ಒಬ್ಬ ಸಂತೆ ನಮ್ಮ ಮಂಗಳೂರಿನಲ್ಲಿಯೇ ಬಾಳಿದ್ದರೆಂಬುದು ಅನೇಕರಿಗೆ ತಿಳಿದಿರಲಾರದು. ಅವರು ಸಂತ ಮರಿಯಮ್ ಬವಾರ್ದಿ. ಮಠದ ಹೆಸರು ಶಿಲುಬೆಗೇರಿದ ಯೇಸುವಿನ ಸಹೋದರಿ ಮೇರಿ.

ಅವರು 1846ರಲ್ಲಿ ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ, ಪೌರಸ್ತ್ಯ ಸಂಪ್ರದಾಯದ ಮೆಲ್ಕೈಟ್ ಕಥೋಲಿಕ ಕುಟುಂಬದಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯನ್ನು ಕಳೆದುಕೊಂಡರು. ಬೇರೆ ಬೇರೆ ಊರುಗಳಲ್ಲಿ ಮನೆಕೆಲಸದವಳಾಗಿ ದುಡಿದರು. 1867ರಲ್ಲಿ ಫ್ರಾನ್ಸಿನ ಪೌ ಎಂಬಲ್ಲಿಯ ಕಾರ್ಮೆಲ್ ಮಠವನ್ನು ಸೇರಿದರು. ಮಂಗಳೂರಿನಲ್ಲಿ ಕಾರ್ಮೆಲ್ ಮಠ ಸ್ಥಾಪಿಸಲು 1870ರಲ್ಲಿ ಹೊರಟ ಸಹೋದರಿಯರಲ್ಲಿ ಅವರೂ ಒಬ್ಬರು. ಕೆಲವು ಸಹೋದರಿಯರು ಪ್ರಯಾಣದಲ್ಲಿಯೇ ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಅವರು ತಮ್ಮ ವ್ರತಗಳನ್ನು ಸ್ವೀಕರಿಸಿದರು.

ಅವರಿಗೆ ದೇವರಿಂದ ಅಸಾಧಾರಣ ಆಧ್ಯಾತ್ಮಿಕ ಅನುಭವಗಳು ಆಗುತ್ತಿದ್ದವು. ಮಂಗಳೂರಿನಲ್ಲಿ ಹಿರಿಯರಿಗೆ ಅವುಗಳ ಬಗ್ಗೆ ಸಂಶಯ ಹುಟ್ಟಿತು. 1872ರಲ್ಲಿ ಅವರನ್ನು ಪೌ ಮಠಕ್ಕೆ ಹಿಂದಕ್ಕೆ ಕಳುಹಿಸಿದರು. ನಮಗೆ ಹಾಗಾಗಿದ್ದರೆ? ಎಷ್ಟು ಪತ್ರ ಬರೆಯುತ್ತಿದ್ದೆವು, ಎಷ್ಟು ಜನರ ಬಳಿ ಹೇಳಿಕೊಳ್ಳುತ್ತಿದ್ದೆವು! ಅವರು ಅಲ್ಲಿ ಮತ್ತೆ ಅಡುಗೆ, ತೊಳೆಯುವ ಕೆಲಸಕ್ಕೆ ಕೈ ಹಚ್ಚಿದರು. ತಮ್ಮನ್ನು ತಾವು "ಪುಟ್ಟ ಶೂನ್ಯ" ಎಂದು ಕರೆದುಕೊಳ್ಳುತ್ತಿದ್ದರು. ಅದು ನಟನೆಯ ಮಾತಲ್ಲ ಎಂಬುದು ಅವರ ಕೊನೆಯ ದಿನಗಳಲ್ಲಿ ಕಾಣುತ್ತದೆ. 1878ರಲ್ಲಿ ಬೆತ್ಲೆಹೇಮಿನಲ್ಲಿ ಮಠದ ಕಟ್ಟಡ ಕಟ್ಟುತ್ತಿದ್ದ ಕೆಲಸಗಾರರಿಗೆ ಕುಡಿಯಲು ನೀರು ಒಯ್ಯುವಾಗ ಅವರು ಜಾರಿ ಬಿದ್ದು ಕೈ ಮುರಿದುಕೊಂಡರು. ಆ ಗಾಯ ವಿಷವೇರಿ ಆಗಸ್ಟ್ 26ರಂದು ತೀರಿಕೊಂಡರು. ಆಗ ಅವರಿಗೆ 32 ವರ್ಷ. 2015ರ ಮೇ 17ರಂದು ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಕೂಲಿಕೆಲಸದವರಿಗೆ ನೀರು ಹೊತ್ತ ಕೈ! ದೀನತೆ ಎಂದರೆ ತನ್ನನ್ನು ಶೂನ್ಯ ಎಂದು ಹೇಳಿಕೊಳ್ಳುವುದಷ್ಟೇ ಅಲ್ಲ. ಬಾಯಾರಿದವನ ಬಳಿಗೆ ತಾನೇ ನೀರು ಒಯ್ಯುವುದು.

ದೀನತೆ ದಾಸ್ಯವಲ್ಲ

ಇಲ್ಲಿ ಒಂದು ಎಚ್ಚರಿಕೆ ಬೇಕು. ದೀನತೆಯ ಹೆಸರಿನಲ್ಲಿ ನಮ್ಮಲ್ಲಿ ಅನ್ಯಾಯವೂ ನಡೆಯುತ್ತದೆ. ಹೊಡೆಸಿಕೊಂಡ ಹೆಂಡತಿಗೆ "ನೀನೇ ತಗ್ಗಿ ನಡೆ" ಎಂದು ಬುದ್ಧಿ ಹೇಳುವುದು, ಕೂಲಿ ಬಾಕಿ ಕೇಳಿದ ಕೆಲಸದವನಿಗೆ "ಸೊಕ್ಕು" ಎನ್ನುವುದು, ಸೊಸೆಯ ಮಾತನ್ನು ಬಾಯಿಂದಲೇ ಅಡಗಿಸುವುದು, ಇವು ದೀನತೆಯ ಪಾಠಗಳಲ್ಲ. ಬಲವಿದ್ದವನು ಬಲವಿಲ್ಲದವನಿಗೆ ದೀನತೆಯನ್ನು ಬೋಧಿಸಿದಾಗ, ಹೆಚ್ಚಾಗಿ ಅಲ್ಲಿ ಅಹಂಕಾರವೇ ಉಪದೇಶ ಮಾಡುತ್ತಿರುತ್ತದೆ. ದೀನತೆಯನ್ನು ಮೊದಲು ಕಲಿಯಬೇಕಾದವನು ಮೇಲೆ ನಿಂತವನು.

ಆವಿಲಾದ ಸಂತ ತೆರೇಸಾ ಅವರ ಪ್ರಕಾರ ದೀನತೆಯೆಂದರೆ ಸತ್ಯದಲ್ಲಿ ನಡೆಯುವುದು. ನನ್ನಲ್ಲಿ ಒಳ್ಳೆಯ ಗುಣವಿದ್ದರೆ ಇಲ್ಲವೆಂದು ಹೇಳುವುದು ದೀನತೆಯಲ್ಲ, ಸುಳ್ಳು. ಚೆನ್ನಾಗಿ ಹಾಡುವವಳು "ನನಗೆ ಹಾಡಲು ಬರುವುದಿಲ್ಲ" ಎಂದು ನಾಲ್ಕು ಸಲ ಕರೆಸಿಕೊಳ್ಳುವುದರಲ್ಲಿ ಅಹಂಕಾರವೇ ಸೀರೆ ಬದಲಿಸಿ ನಿಂತಿರುತ್ತದೆ. ಇರುವುದನ್ನು ಇದೆ ಎಂದು ಒಪ್ಪಿ, ಅದು ಕೊಟ್ಟವರದು ಎಂದು ನೆನೆಯುವುದೇ ಸತ್ಯ. ಮಾತೆ ಮರಿಯಮ್ಮನವರು ತಮ್ಮನ್ನು ಪ್ರಭುವಿನ ದಾಸಿ ಎಂದರು. ಅದೇ ಬಾಯಿಂದ, ದೇವರು ಬಲಿಷ್ಠರನ್ನು ಪೀಠದಿಂದ ಇಳಿಸಿ ದೀನರನ್ನು ಎತ್ತುತ್ತಾರೆಂದು ಧೈರ್ಯವಾಗಿ ಸಾರಿದರು. ಮೌನವೂ ಅವರಿಗೆ ಗೊತ್ತಿತ್ತು, ಮಾತೂ ಗೊತ್ತಿತ್ತು.

ಎಲ್ಲಕ್ಕಿಂತ ಮೇಲಾಗಿ ನಮ್ಮ ಕಣ್ಣು ಯೇಸುಸ್ವಾಮಿಯ ಮೇಲಿರಲಿ. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ತೋರಿಸುವಂತೆ, ದೇವರಾಗಿದ್ದವರು ತಮ್ಮನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದರು. ಕೊನೆಯ ಭೋಜನದ ರಾತ್ರಿ ಅವರು ಪಾದ ತೊಳೆದ ಹನ್ನೆರಡು ಮಂದಿಯಲ್ಲಿ ಯೂದನೂ ಇದ್ದ. ಅವನು ಮೊದಲು ಬಂದು ಕ್ಷಮೆ ಕೇಳಲಿ ಎಂದು ಅವರು ಕಾಯಲಿಲ್ಲ. 2013ರ ಪವಿತ್ರ ಗುರುವಾರ ಜಗದ್ಗುರು ಫ್ರಾನ್ಸಿಸರು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಅಲ್ಲಿಯ ಹನ್ನೆರಡು ಮಂದಿ ಯುವಕ ಯುವತಿಯರ ಪಾದ ತೊಳೆದದ್ದು ಇದೇ ಪಾಠವನ್ನು ಕಲಿತವರಾಗಿ.

ದಿನನಿತ್ಯದ ಅಭ್ಯಾಸ

ದೀನತೆ ಪುಸ್ತಕ ಓದಿ ಬರುವುದಿಲ್ಲ; ಜಪಸರದಂತೆ ಮಣಿಯಿಂದ ಮಣಿಗೆ ಬೆರಳು ಹೋಗಬೇಕು. ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 7ನೆಯ ಅಧ್ಯಾಯದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮನೆಮಂದಿಯಾದ ನಾವು ಕೆಲವನ್ನಾದರೂ ಹತ್ತಲು ಯತ್ನಿಸೋಣ.

1. ರಾತ್ರಿ ಜಪಸರದ ನಂತರ ಒಂದು ನಿಮಿಷ ಮೌನವಾಗಿ, ಇಂದು ನನಗೆ ಸಹಾಯ ಮಾಡಿದ ಮೂವರನ್ನು ನೆನೆಯಿರಿ. ಬಸ್ಸಿನ ಚಾಲಕ, ಹಾಲು ಸೊಸೈಟಿಯವರು, ಅಡಿಕೆ ಸುಲಿದವರು. ಅವರ ಹೆಸರು ಗೊತ್ತಿಲ್ಲದಿದ್ದರೆ ನಾಳೆ ಕೇಳಿ ತಿಳಿದುಕೊಳ್ಳಿ.

2. ವಾರಕ್ಕೊಮ್ಮೆಯಾದರೂ ಯಾರಿಗೂ ಕಾಣದ ಒಂದು ಕೆಲಸ ಮಾಡಿ. ಪೂಜೆಯ ನಂತರ ಬೆಂಚು ಸರಿಪಡಿಸುವುದು, ಸಿಮಿತೇರಿಯಲ್ಲಿ ಯಾರೂ ದಿಕ್ಕಿಲ್ಲದವರ ಸಮಾಧಿಯ ಹುಲ್ಲು ಕೀಳುವುದು. ಮಾಡಿದ ಮೇಲೆ ಹೇಳದಿರುವುದೇ ಅದರ ಕಷ್ಟದ ಭಾಗ.

3. ಯಾರಾದರೂ ನಿಮ್ಮ ತಪ್ಪನ್ನು ತೋರಿಸಿದಾಗ ಆ ದಿನ ಉತ್ತರ ಕೊಡಬೇಡಿ. ಒಂದು ರಾತ್ರಿ ಮಲಗಿ ಏಳಿ. ಹತ್ತರಲ್ಲಿ ಎಂಟು ಸಲ ಅವರ ಮಾತಿನಲ್ಲಿ ಸ್ವಲ್ಪವಾದರೂ ಸತ್ಯ ಕಾಣುತ್ತದೆ.

4. ಹೊಗಳಿಕೆ ಬಂದಾಗ "ದೇವರ ದಯೆ, ನಿಮ್ಮೆಲ್ಲರ ಸಹಾಯ" ಎಂದು ಹೇಳಿ ಅಲ್ಲಿಗೆ ಬಿಡಿ. ಆ ಮಾತನ್ನು ಮನೆಗೆ ಹೊತ್ತು ತರಬೇಡಿ.

5. ಮುಂದಿನ ಪಾಪನಿವೇದನೆಯಲ್ಲಿ ಅಹಂಕಾರವನ್ನು ಅದರ ಹೆಸರಿನಿಂದಲೇ ಹೇಳಿ. ಯಾರನ್ನು ಕೀಳಾಗಿ ಕಂಡೆ, ಯಾರ ಬಳಿ ಕ್ಷಮೆ ಕೇಳಲು ನಿರಾಕರಿಸಿದೆ ಎಂದು ನೇರವಾಗಿ ಹೇಳಿ.

6. ಮಕ್ಕಳೊಡನೆ ತಪ್ಪಾದರೆ ಮಕ್ಕಳ ಬಳಿಯೇ ಕ್ಷಮೆ ಕೇಳಿ. ನಿಮ್ಮ ಗೌರವ ಕಡಿಮೆಯಾಗುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ.

ಏಳನೆಯ ಹೆಜ್ಜೆ

ಏಳನೆಯದು ಒಂದಿದೆ, ಅದನ್ನು ಪಟ್ಟಿಯಲ್ಲಿ ಸೇರಿಸದೆ ಉಳಿಸಿದ್ದೇನೆ. ಏಕೆಂದರೆ ಅದಕ್ಕೆ ಮೇಲಿನ ಆರೂ ಬೇಕಾಗುತ್ತವೆ. ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದನ್ನು ಮತ್ತೊಮ್ಮೆ ಮೆಲ್ಲನೆ ಓದಿ. ಕಾಣಿಕೆಯನ್ನು ಪೀಠದ ಬಳಿ ತಂದಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎನ್ನುತ್ತಾರೆ. ತಪ್ಪು ಯಾರದು ಎಂದು ಅವರು ಕೇಳುವುದಿಲ್ಲ. ಹಿರಿಯ ಯಾರು, ಕಿರಿಯ ಯಾರು ಎಂದೂ ಕೇಳುವುದಿಲ್ಲ. ನೆನಪಾದವನು ಹೋಗಬೇಕು, ಅಷ್ಟೇ.

ಆ ಅಣ್ಣನ ಮನೆಗೆ ಮರಳಿ ಬನ್ನಿ. ತೆನೆಯ ಕಾಳು ಇನ್ನೂ ತಟ್ಟೆಯಲ್ಲಿದೆ. ಅವನು ಒಂದು ಪಾಲನ್ನು ಬಾಳೆಲೆಯ ತುಂಡಿನಲ್ಲಿ ಮಡಚಿ, ಚಪ್ಪಲಿ ಮೆಟ್ಟಿ, ಅಗಳು ದಾಟಿ ಹೋಗಿ "ಹೊಸ ಅಕ್ಕಿ ತಂದಿದ್ದೇನೆ" ಎಂದರೆ ಸಾಕು. ಹಳೆಯ ಕಣಿಯ ಮಾತು ಎತ್ತಬೇಕೆಂದಿಲ್ಲ. ತಮ್ಮ ಬಾಗಿಲು ತೆರೆಯಬಹುದು, ತೆರೆಯದೆಯೂ ಇರಬಹುದು. ಅದು ತಮ್ಮ ದೇವರಿಗೆ ಕೊಡಬೇಕಾದ ಲೆಕ್ಕ. ಅಣ್ಣನ ಲೆಕ್ಕ ಅಂಗಳ ದಾಟಿದಾಗಲೇ ಚುಕ್ತಾ ಆಯಿತು. ದಾಟದೆ ಉಳಿದರೆ? ಒಂದು ದಿನ ಇಬ್ಬರಲ್ಲೊಬ್ಬನ ಮನೆಯ ಮುಂದೆ ಚಪ್ಪರ ಹಾಕುತ್ತಾರೆ. ಆ ದಿನ ಇನ್ನೊಬ್ಬನು ಬಂದೇ ಬರುತ್ತಾನೆ, ಪೆಟ್ಟಿಗೆಯ ಬಳಿ ನಿಂತು ಅಳುತ್ತಾನೆ. ಆದರೆ ಅವನ ಮಾತನ್ನು ಕೇಳಬೇಕಾದ ಕಿವಿ ಆಗ ಕೇಳುವುದಿಲ್ಲ.

ಪ್ರಿಯರೇ, ನಿಮ್ಮ ಮನೆಯ ಅಗಳಿನ ಆಚೆ ಯಾರಿದ್ದಾರೆ? ಮೊಂತಿ ಹಬ್ಬಕ್ಕಾಗಿ ಕಾಯಬೇಕಾಗಿಲ್ಲ.

ಮನೆಮಂದಿ ಸೇರಿ ಚಿಂತಿಸಲು

1. ನಮ್ಮ ಕುಟುಂಬವು ಮಾತುಕತೆ ನಿಲ್ಲಿಸಿರುವ ನೆಂಟರು, ನೆರೆಯವರು ಯಾರು? ಕಾರಣ ಇನ್ನೂ ಉಳಿದಿದೆಯೇ?

2. ನಮ್ಮ ಅಜ್ಜ ಅಜ್ಜಿಯರ ಕಷ್ಟದ ದಿನಗಳ ಕಥೆಯನ್ನು ಮಕ್ಕಳಿಗೆ ಹೇಳಿದ್ದೇವೆಯೇ?

3. ನಮ್ಮ ಮನೆಯಲ್ಲಿ, ತೋಟದಲ್ಲಿ ದುಡಿಯುವವರು ನಮ್ಮ ಮೇಜಿನ ಬಳಿ ಕೂರುತ್ತಾರೆಯೇ?

4. ಬೇರೆ ಸಂಪ್ರದಾಯದ, ಬೇರೆ ಭಾಷೆಯ ಕಥೋಲಿಕ ಕುಟುಂಬದೊಂದಿಗೆ ಈ ವರ್ಷ ನಾವು ಒಟ್ಟಿಗೆ ಪ್ರಾರ್ಥಿಸಿದ್ದೇವೆಯೇ?

ಪ್ರಾರ್ಥನೆ

ದೀನ ಹೃದಯದ ಯೇಸುವೇ, ಬೇರೆಯವರನ್ನು ಅಳೆಯುವ ನಮ್ಮ ಕಣ್ಣನ್ನು ನಿಮ್ಮ ಕಡೆ ತಿರುಗಿಸಿರಿ. ನಮ್ಮಲ್ಲಿರುವುದೆಲ್ಲ ನಿಮ್ಮ ಕೈಯಿಂದ ಬಂದುದೆಂದು ನೆನಪು ಕೊಡಿರಿ. ಕ್ಷಮೆ ಕೇಳಲು ಬಾಯಿಗೆ ಬಲವನ್ನೂ, ಮೊದಲು ಹೆಜ್ಜೆ ಇಡಲು ಕಾಲಿಗೆ ಬಲವನ್ನೂ ಕೊಡಿರಿ. ಪ್ರಭುವಿನ ದಾಸಿಯಾದ ಮಾತೆ ಮರಿಯಮ್ಮನವರೇ, ನಮ್ಮ ಮನೆಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.